‘ಪೆಂಡಿಂಗ್ ಐತಿ, ಆಮ್ಯಾಲ ಬರ್ರಿ’ ಅನ್ನುವವರಿಗೆ ನಮ್ಮ ಉತ್ತರ

ಹಿಪ್ಪರಗಿ, ರಬಕವಿ, ಬನಹಟ್ಟಿ, ತೇರದಾಳ, ಜಮಖಂಡಿ, ಮುಧೋಳ, ಬೀಳಗಿ ಕಡೆಯ ನೇಕಾರ ಬಂಧುಗಳೇ, ಕಬ್ಬು ಬೆಳೆಗಾರರೇ, ಕ್ರೆಡಿಟ್ ಕಾರ್ಡ್ ಕಿಸೆಯಲ್ಲಿಟ್ಟುಕೊಂಡು ನಿದ್ದೆ ಕಳಕೊಂಡ ಅಣ್ಣ ಅಕ್ಕಂದಿರೇ,

ಬರುವ 5ನೇ ತಾರೀಖು ಕಾರ್ಡ್ ಬಿಲ್ ಕಟ್ಟಲು ಕಡೇ ದಿನ. ಅಷ್ಟರೊಳಗೆ ನಮ್ಮ ಬನಹಟ್ಟಿಯ ನೇಕಾರ ಅಣ್ಣನೊಬ್ಬ, ತಾನು ಏನೂ ಕೊಳ್ಳದ, ಹೆಸರು ಹೇಳಲೂ ಬಾರದ ವಿದೇಶಿ ಕಂಪನಿಗೆ 4,999 ರೂಪಾಯಿ ಕಟ್ಟಬೇಕಂತೆ. ಕಟ್ಟದಿದ್ದರೆ ಬಡ್ಡಿ, ಬಡ್ಡಿಯ ಜೊತೆ ದಂಡ, ದಂಡದ ಮೇಲೆ ಜಿಎಸ್‌ಟಿ!

ನಡೆದದ್ದು ಇಷ್ಟು. ರಾತ್ರಿ ಪಾಳಿಯಲ್ಲಿ ಮಗ್ಗದ ಮುಂದೆ ನಿಂತಿದ್ದಾಗ ಕಾರ್ಡಿನಿಂದ ಅಷ್ಟು ಹಣ ಹೋಯಿತು ಅಂತ ಮೊಬೈಲಿಗೆ ಮೆಸೇಜ್ ಬಂತು. ಓಟಿಪಿ ಬಂದಿರಲಿಲ್ಲ, ಯಾರಿಗೂ ಹೇಳಿರಲೂ ಇಲ್ಲ. ಬೆಳಗಾದ ಕೂಡಲೇ, ಅಂಗಿಗೆ ಹತ್ತಿದ ನೂಲಿನ ಎಳೆಗಳನ್ನೂ ಕೊಡವದೆ, ಬ್ಯಾಂಕಿಗೆ ಹೋದ. ಗಾಜಿನ ಆಚೆಯ ಸಾಹೇಬರು ಮೊಬೈಲ್ ಇಸಕೊಂಡು ನೋಡಿ, “ಇದು ಇನ್ನೂ ಪೆಂಡಿಂಗ್ ಐತಿ. ಪೋಸ್ಟ್ ಆಗ್ಲಿ, ಆಮ್ಯಾಲ ಬರ್ರಿ” ಅಂದರು. ಒಂದು ಚೀಟಿ ಇಲ್ಲ, ದೂರಿನ ನಂಬರ್ ಇಲ್ಲ. ಅಣ್ಣ ನಂಬಿ ವಾಪಸ್ ಬಂದ. ವಾರ ಬಿಟ್ಟು ಹೋದರೆ ಅದೇ ಗಾಜು, ಅದೇ ಸಾಹೇಬರು: “ಪೋಸ್ಟ್ ಆಗೇ ಹೋಗೈತಲ್ರೀ. ಮೂರು ದಿನದಾಗ ಹೇಳಬೇಕಿತ್ತು!”

ಓದಿದಿರಾ? ಮೊದಲು ಹೋದರೆ ಬೇಗ ಬಂದಿರಿ, ಆಮೇಲೆ ಹೋದರೆ ತಡ ಮಾಡಿದಿರಿ. ಹಾಗಾದರೆ ಸರಿಯಾದ ಮುಹೂರ್ತ ಯಾವುದು ಸಾಹೇಬರೇ? ಪಂಚಾಂಗ ತೆಗೆದು ಹೇಳುತ್ತೀರಾ?

ಒಪ್ಪೋಣ, ಪೆಂಡಿಂಗ್ ಇರುವಾಗ ಹಣ ಇನ್ನೂ ಆ ಕಂಪನಿಯ ಕೈಸೇರಿರುವುದಿಲ್ಲ. ನಮ್ಮ ಲಿಮಿಟ್ಟಿನಲ್ಲಿ ಅಷ್ಟನ್ನು ತಡೆಹಿಡಿದಿರುತ್ತಾರೆ. ಕಂಪನಿ ಬಿಲ್ ಕಳಿಸಿದರೆ ಪಕ್ಕಾ ಆಗುತ್ತದೆ (ಅದೇ ‘ಪೋಸ್ಟ್’), ಕಳಿಸದಿದ್ದರೆ ಕೆಲವು ದಿನದಲ್ಲಿ ತಾನೇ ಬಿದ್ದುಹೋಗುತ್ತದೆ. ಲಾಡ್ಜಿನಲ್ಲಿ ಡಿಪಾಜಿಟ್ ಹಿಡಿದು ಬಿಡುವುದೂ ಹೀಗೆಯೇ, ಅದಕ್ಕೆ ನಮ್ಮ ತಕರಾರಿಲ್ಲ. ಹಣ ವಾಪಸ್ ತರಿಸುವ ಕೆಲಸ ಪೋಸ್ಟ್ ಆದ ಮೇಲೆಯೇ ಶುರುವಾಗಲಿ, ಬೇಡ ಅಂದವರು ಯಾರು? ಆದರೆ ದೂರು ಬರೆದುಕೊಳ್ಳಲು ಏನು ಅಡ್ಡಿ? ಕಾರ್ಡ್ ಬ್ಲಾಕ್ ಮಾಡಲು ಏನು ಅಡ್ಡಿ? ಕಳ್ಳ ಗೋಡೆ ಹಾರುವಾಗ ಕೂಗಿದರೆ, ‘ಇನ್ನೂ ತಿಜೋರಿ ಒಡೆದಿಲ್ಲ, ಒಡೆದ ಮೇಲೆ ಕೂಗ್ರಿ’ ಅನ್ನುವ ಕಾವಲುಗಾರನಿಗೆ ಪಗಾರ ಯಾಕೆ?

ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದೇ ಸುತ್ತೋಲೆ ಹೊರಡಿಸಿದೆ. ನಮ್ಮ ತಪ್ಪೂ ಇಲ್ಲದೆ ಬ್ಯಾಂಕಿನ ತಪ್ಪೂ ಇಲ್ಲದೆ ಹೊರಗಿನವರು ಹಣ ಎಳೆದರೆ, ಮೆಸೇಜ್ ಬಂದ ಮೇಲೆ ಮೂರು ಕೆಲಸದ ದಿನದೊಳಗೆ ತಿಳಿಸಿದವನ ಹೊಣೆ ಸೊನ್ನೆ. ಮೆಸೇಜ್ ಬಂದ ದಿನ ಲೆಕ್ಕಕ್ಕಿಲ್ಲ. ತಿಳಿಸಿದ ಮೇಲೆ 10 ಕೆಲಸದ ದಿನದಲ್ಲಿ ಆ ಮೊತ್ತವನ್ನು ಬ್ಯಾಂಕು ಖಾತೆಗೆ ಜಮಾ ತೋರಿಸಬೇಕು, 90 ದಿನದೊಳಗೆ ದೂರು ಇತ್ಯರ್ಥ ಮಾಡಬೇಕು. ತಪ್ಪು ಗಿರಾಕಿಯದೇ ಅಂತ ಸಾಬೀತು ಮಾಡುವ ಹೊರೆ ಬ್ಯಾಂಕಿನದು, ನೇಕಾರನದಲ್ಲ! ಕಾರ್ಡುಗಳ ಬಗ್ಗೆ 2022ರ ಏಪ್ರಿಲ್ 21ರ ನಿರ್ದೇಶನವೂ ಇದೆ: ಗಿರಾಕಿ ‘ಇದು ಮೋಸ’ ಅಂದ ವ್ಯವಹಾರದ ಮೇಲೆ, ತಕರಾರು ಮುಗಿಯುವ ತನಕ ಚಾರ್ಜ್ ಹಾಕುವಂತಿಲ್ಲ. ಕೇಳದವರಿಗೆ ಕಾರ್ಡ್ ಕೊಟ್ಟು ಬಿಲ್ ಕಳಿಸಿದರೆ ಬಿಲ್ ರದ್ದು ಮಾಡಿ ಅದರ ಎರಡರಷ್ಟು ದಂಡ ತೆರಬೇಕು. ಇವನ್ನೆಲ್ಲ ಕನ್ನಡದಲ್ಲಿ ಬರೆದು ಗೋಡೆಗೆ ಹಚ್ಚಿದ ಶಾಖೆ ನಿಮ್ಮ ಊರಲ್ಲಿದ್ದರೆ ನಮಗೆ ತೋರಿಸಿ, ಹೋಗಿ ಹಾರ ಹಾಕಿ ಬರುತ್ತೇವೆ.

ಈಗ ಕಬ್ಬಿನ ಅಣ್ಣಂದಿರು ಕೇಳಿ, ಇದು ನೇಕಾರರ ಗೋಳು ಅಂತ ಮುಖ ತಿರುಗಿಸಬೇಡಿ. ಕಬ್ಬು ನಿಯಂತ್ರಣ ಆದೇಶ ಬಂದದ್ದು 1966ರಲ್ಲಿ. ಕಬ್ಬು ಸಾಗಿಸಿದ 14 ದಿನದೊಳಗೆ ಬಿಲ್ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ ಸೇರಿಸಿ ಕೊಡಬೇಕು ಅನ್ನುತ್ತದೆ ಅದು. ಆ ಬಡ್ಡಿ ಎಷ್ಟು ಜನರ ಕೈಗೆ ಬಂದಿದೆ, ಎದೆ ಮುಟ್ಟಿಕೊಂಡು ಹೇಳಿ. ನಮಗೆ ಬರಬೇಕಾದ ದುಡ್ಡು ತಿಂಗಳುಗಟ್ಟಲೆ ಬಾಕಿ ಬಿದ್ದರೆ ‘ಸ್ವಲ್ಪ ಸೈರಣೆ ಇರಲಿ’. ಆ ಬಿಲ್ ನಂಬಿ ಕಾರ್ಡಿನಲ್ಲಿ ಗೊಬ್ಬರ ತಂದವನು ಒಂದು ದಿನ ತಡ ಮಾಡಿದರೆ ತಿಂಗಳಿಗೆ ಶೇ 3ರ ಮೇಲೆ ಬಡ್ಡಿ! ವರ್ಷಕ್ಕೆ ಶೇ 30 ದಾಟಿದ ಕಾರ್ಡ್ ಬಡ್ಡಿ ಅನ್ಯಾಯದ ವ್ಯಾಪಾರ ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು. ಬಡ್ಡಿಗೆ ಮಿತಿ ಇಲ್ಲ, ನಮ್ಮ ಬಾಯಿಗೆ ಮಾತ್ರ ಬೀಗ.

ಇಷ್ಟು ಹೇಳಿದರೆ ಬುದ್ಧಿವಂತರು ಎದ್ದು ನಿಲ್ಲುತ್ತಾರೆ. ‘ಓದಾಕ ಬರದವರು ಕಾರ್ಡ್ ಯಾಕ ತಗೋಬೇಕು?’ ಹೌದಲ್ಲವೇ! ಕಾರ್ಡ್ ಮಾರಲು ನೂಲಿನ ಅಂಗಡಿ ಮುಂದೆ ಛತ್ರಿ ಹಾಕಿ ಕೂತ ಟೈ ಹುಡುಗರಿಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು, “ಫ್ರೀ ಐತ್ರಿ ಕಾಕಾ, ಸಹಿ ಮಾಡ್ರಿ” ಅನ್ನುವಷ್ಟು. ಕರಾರಿನ ಪುಟಗಳಿಗೆ ಮಾತ್ರ ಕನ್ನಡ ಬರಲಿಲ್ಲ. ‘ವಿದೇಶಿ ವ್ಯವಹಾರ ಬಂದ್ ಮಾಡಿಕೊಳ್ಳಬೇಕಿತ್ತು’ ಅನ್ನುವ ಪಂಡಿತರಿಗೂ ನಮಸ್ಕಾರ. ಹೊಸ ಕಾರ್ಡುಗಳಲ್ಲಿ ಆನ್‌ಲೈನ್, ವಿದೇಶಿ ಬಳಕೆಯನ್ನು ಗಿರಾಕಿ ಕೇಳದ ಹೊರತು ಚಾಲೂ ಮಾಡಬಾರದು ಅಂತ ರಿಸರ್ವ್ ಬ್ಯಾಂಕ್ 2020ರಲ್ಲೇ ಹೇಳಿದೆ. ನಮ್ಮ ಅಣ್ಣ ಬನಹಟ್ಟಿ ಸಂತೆ ಬಿಟ್ಟು ಬೇರೆ ಪೇಟೆ ಕಂಡವನಲ್ಲ. ಅವನ ಕಾರ್ಡಿನಲ್ಲಿ ವಿದೇಶದ ಬಾಗಿಲು ತೆಗೆದವರು ಯಾರು?

ಇನ್ನು ನಮ್ಮವರೇ ಇದ್ದಾರಲ್ಲ, ಹೆಗಲ ಮೇಲೆ ಶಾಲು ಹೊದ್ದ ಮುಖಂಡರು. ಮ್ಯಾನೇಜರಿಗೆ ಮನವಿ ಕೊಟ್ಟು, ಚಹಾ ಕುಡಿದು, ಫೋಟೋ ತೆಗೆಸಿಕೊಂಡು, ಸಂಜೆಯೊಳಗೆ ವಾಟ್ಸ್ಆ್ಯಪಿನಲ್ಲಿ ‘ಯಶಸ್ವಿ ಹೋರಾಟ’ ಅಂತ ಹಾಕಿದರು. ಆ ಮನವಿಗೆ ಸ್ವೀಕೃತಿ ಸಿಕ್ಕಾದರೂ ಹಾಕಿಸಿಕೊಂಡಿರಾ ಮಹನೀಯರೇ? ‘ಕಾರ್ಡೇ ಬ್ಯಾಡ, ಮುರಿದು ಹಾಕ್ರಿ’ ಅಂತ ಊರೂರು ಭಾಷಣ ಬಿಗಿಯುವ ಇನ್ನೊಂದು ಗುಂಪೂ ಇದೆ. ಅವರಲ್ಲಿ ಅರ್ಧ ಜನ ಕೈಗಡ ಬಡ್ಡಿ ವ್ಯವಹಾರದವರು ಅಂತ ಊರಿಗೇ ಗೊತ್ತು! ಕಾರ್ಡ್ ಮುರಿದವನು ಮರುದಿನ ಯಾರ ಕಟ್ಟೆಗೆ ಬರಬೇಕು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿದೆ. ಸಾಲ ವಸೂಲಿ ಕಿರುಕುಳದ ವಿರುದ್ಧ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಾಗ ಇವರ ಬಾಯಿ ಎಲ್ಲಿತ್ತು?



ಇವತ್ತು 4,999. ನಾಳೆ ಅದೇ ಕಂಪನಿ 49,999 ಎಳೆದರೆ? ಇವತ್ತು ಒಬ್ಬ ಅಣ್ಣ, ನಾಳೆ ಇಡೀ ಓಣಿ. ಒಂದು ಸೀರೆ ನೇಯ್ದರೆ ಕೈಗೆ ಬರುವ ಮಜೂರಿ ಎಷ್ಟು ಅಂತ ಗೊತ್ತಿದ್ದವರು ಈ ಮೊತ್ತಕ್ಕೆ ಎಷ್ಟು ಸೀರೆ ಬೇಕು ಅಂತ ಲೆಕ್ಕ ಹಾಕಿ. ಅಷ್ಟು ದಿನ ಆ ಮಗ್ಗ ಯಾರಿಗಾಗಿ ದುಡಿಯಿತು?

ಇದು ಸರ್ಕಾರದ ಹಾದಿ ಕಾಯುತ್ತಾ ಕೂತ ಸೀಮೆಯಲ್ಲ. 1989ರಲ್ಲಿ ರೈತ ಮುಖಂಡ ಸಿದ್ದು ನ್ಯಾಮಗೌಡರ ಜೊತೆ ನಿಂತು, ರೈತರೇ ದುಡ್ಡು ಹಾಕಿ, ಮೈಮುರಿದು ದುಡಿದು ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದ ಜನ ನಾವು. ನದಿ ತಡೆದವರಿಗೆ ಒಂದು ಗಾಜಿನ ಕೌಂಟರು ಅಡ್ಡವೇ?

5ನೇ ತಾರೀಖಿಗೆ ಮುಂಚೆ ಎಲ್ಲರೂ ಒಂದಾಗಬೇಕು, ಬ್ಯಾಂಕಿಗೆ ತಕ್ಕ ಪಾಠ ಕಲಿಸಬೇಕು. ಹೇಗೆ ಅನ್ನುವುದನ್ನು ಕೂತು ಮಾತಾಡೋಣ. ಅಲ್ಲಿಯ ತನಕ ಮೆಸೇಜ್ ಬಂದವರು ಅಳಿಸಬೇಡಿ. ಬ್ಯಾಂಕು ಇನ್ನೂ ‘ಆಮ್ಯಾಲ ಬರ್ರಿ’ ಅಂದರೆ ಅದನ್ನೇ ಕಾಗದದ ಮೇಲೆ ಬರೆದು ಸಿಕ್ಕಾ ಹಾಕಿ ಕೊಡಿ ಅನ್ನಿ. ದೂರಿಗೆ 30 ದಿನ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿದ್ದಾರೆ, ಅವರಿಗೆ ದೂರು ಕೊಡಲು ಒಂದು ಪೈಸೆ ಶುಲ್ಕವಿಲ್ಲ, ವಿಚಾರಿಸಲು 14448. ಮೋಸ ಅಂತ ಖಾತ್ರಿಯಾದರೆ ಆ ಕ್ಷಣವೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಹಚ್ಚಿ. ಫೋನ್ ಹಚ್ಚಲು ಯಾವ ಸಂಘದ ಮುಖಂಡರ ಅಪ್ಪಣೆಯೂ ಬೇಕಾಗಿಲ್ಲ.

ಇಂತಿ,
ನೊಂದ ಕಾರ್ಡುದಾರರು, ಹಿಪ್ಪರಗಿ ಮತ್ತು ಸುತ್ತಲಿನ ಗ್ರಾಮಗಳು

(ಓದಿ ಎಸೆಯಬೇಡಿ, ಪಕ್ಕದ ಮನೆಗೆ ಕೊಡಿ.)