‘ನಮ್ಮದೇನಿದೆ ಮುಚ್ಚಿಡೋಕೆ’ ಅನ್ನೋ ಸಂಗಾತಿಗಳಿಗೆ



ಬ್ರೌಸರ್ ಎಕ್ಸ್‌ಟೆನ್ಷನ್ ಬಗ್ಗೆ ಮಾತಾಡಿದರೆ ನಮ್ಮೋರೇ ನಗ್ತಾರೆ. "ನಾವು ಬೀದೀಲಿ ನಿಂತು ಕೂಗೋರು, ನಮ್ಮದೇನಿದೆ ಮುಚ್ಚಿಡೋಕೆ?" ಅಂತಾರೆ. ಸರಿ, ನಿಮ್ಮದೇನೂ ಇಲ್ಲ ಅಂತಲೇ ಇಟ್ಕೊಳ್ಳಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇರೋದು ನಿಮ್ಮದು ಮಾತ್ರಾನಾ? ದೌರ್ಜನ್ಯ ಪ್ರಕರಣದ ದೂರಿನ ಕರಡು, ಸಾಕ್ಷಿ ಹೇಳೋಕೆ ಒಪ್ಪಿದವರ ಹೆಸರು, ಊರು ಬಿಟ್ಟು ಹೋದವರ ಈಗಿನ ವಿಳಾಸ, ಹಾಸ್ಟೆಲ್ ಹುಡುಗೀರು ಸಹಿ ಹಾಕಿದ ಅರ್ಜಿ. ಇವೆಲ್ಲ ಯಾರದ್ದು?

1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರ ತಿದ್ದುಪಡೀಲಿ 15ಎ ಅಂತ ಒಂದು ಸೆಕ್ಷನ್ ಸೇರಿಸಿದರು. ಸಾಕ್ಷಿಗಳ ಹೆಸರು, ವಿಳಾಸ ಹೊರಗೆ ಬರದ ಹಾಗೆ ವಿಶೇಷ ನ್ಯಾಯಾಲಯ ಆದೇಶ ಮಾಡಬಹುದು ಅಂತ ಅದರಲ್ಲಿದೆ. ಸುಮ್ಮನೆ ಬಂದದ್ದಲ್ಲ ಅದು. ಸಾಕ್ಷಿಗಳನ್ನ ಹೆದರಿಸಿ, ಊರಲ್ಲಿ ಬಹಿಷ್ಕಾರ ಹಾಕಿ, ಕೇಸು ಬಿದ್ದುಹೋಗೋದನ್ನ ನೋಡಿ ನೋಡಿ ಹೋರಾಡಿ ತಂದದ್ದು. ನ್ಯಾಯಾಲಯ ಮುಚ್ಚಿಡಬೇಕಾದ ವಿಳಾಸವನ್ನ ನಾವು ಪುಕ್ಕಟೆ ಪಿಡಿಎಫ್ ಎಕ್ಸ್‌ಟೆನ್ಷನ್ನಿನ ಕೈಗೆ ಕೊಡ್ತಾ ಇದ್ದೀವಿ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಒಳಗೆ ನಾವೇ ಸೇರಿಸ್ಕೊಳ್ಳೋ ಸಣ್ಣ ಪ್ರೋಗ್ರಾಂ ಅದು. ಪಿಡಿಎಫ್ ಜೋಡಿಸೋಕೆ, ಸ್ಕ್ರೀನ್‌ಶಾಟ್ ತೆಗೆಯೋಕೆ, ವಿಡಿಯೊ ಇಳಿಸ್ಕೊಳ್ಳೋಕೆ, ಕೂಪನ್ ಹುಡುಕೋಕೆ. ಹಾಕ್ಕೊಳ್ಳುವಾಗ ಬಹಳಷ್ಟು ಎಕ್ಸ್‌ಟೆನ್ಷನ್‌ಗಳು ಒಂದು ಅನುಮತಿ ಕೇಳ್ತವೆ: ಎಲ್ಲಾ ವೆಬ್‌ಸೈಟ್‌ಗಳಲ್ಲಿರೋ ನಿಮ್ಮ ಎಲ್ಲಾ ಡೇಟಾ ಓದೋಕೆ, ಬದಲಾಯಿಸೋಕೆ. ಓದದೇ ಒತ್ತಿಬಿಡ್ತೀವಿ. ಆಮೇಲೆ ನೀವು ತೆರೆದ ಮೇಲ್, ಟೈಪ್ ಮಾಡಿದ ಪಾಸ್‌ವರ್ಡ್, ಎಲ್ಲವನ್ನೂ ಅದು ನೋಡಬಹುದು. ವಿಳಾಸದ ಪಕ್ಕ ಬೀಗದ ಗುರುತು ಇದೆ ಅಂತ ಧೈರ್ಯ ಬೇಡ, ಅದು ಬೀಗದ ಒಳಗಡೆನೇ ಕೂತಿರತ್ತೆ.

ಹೆದರಿಸೋಕೆ ಹೇಳ್ತಿಲ್ಲ, ನಡೆದದ್ದು ಹೇಳ್ತೀನಿ. 2019ರ ಜುಲೈನಲ್ಲಿ ಸ್ಯಾಮ್ ಜಡಾಲಿ ಅನ್ನೋ ಸಂಶೋಧಕರು ‘ಡೇಟಾಸ್ಪೈ’ ಅನ್ನೋ ಹೆಸರಲ್ಲಿ ಒಂದು ಸೋರಿಕೆ ಬಯಲು ಮಾಡಿದರು. ಎಂಟು ಎಕ್ಸ್‌ಟೆನ್ಷನ್, ಸುಮಾರು 40 ಲಕ್ಷ ಜನರ ಬ್ರೌಸರ್. ಅವರು ತೆರೆದ ಪುಟಗಳ ಲಿಂಕ್‌ಗಳು ದುಡ್ಡು ಕೊಟ್ಟವರಿಗೆ ಸಿಗ್ತಿದ್ವು. ಆ ಲಿಂಕ್ ಹಿಡಿದು ಹೋದರೆ ತೆರಿಗೆ ದಾಖಲೆ, ರೋಗಿಗಳ ಹೆಸರು. ಪಾಸ್‌ವರ್ಡ್ ಮುರಿಯೋ ಕೆಲಸಾನೇ ಇಲ್ಲ. ಈಗ ನಮ್ಮ ಸಂಘಟನೆಗಳನ್ನ ನೋಡಿ. ಕಾರ್ಯಕರ್ತರ ಪಟ್ಟಿ, ಸತ್ಯಶೋಧನಾ ವರದಿ, ಸಂತ್ರಸ್ತರ ಫೋನ್ ನಂಬರ್, ಎಲ್ಲಾ ‘ಲಿಂಕ್ ಇದ್ದವರು ಯಾರು ಬೇಕಾದರೂ ನೋಡಬಹುದು’ ಅಂತ ಇಟ್ಟು ಗ್ರೂಪಿಗೆ ಹಾಕ್ತೀವಿ. ಹತ್ತು ಜನರಲ್ಲಿ ಒಬ್ಬರ ಬ್ರೌಸರ್‌ನಲ್ಲಿ ಇಂಥದ್ದೊಂದು ಇದ್ದರೆ ಸಾಕು.

"ನಾನು ಹಾಕಿರೋದು ಒಳ್ಳೇದು, ಲಕ್ಷಾಂತರ ಜನ ಬಳಸ್ತಾರೆ" ಅನ್ನೋರಿಗೆ: ‘ದಿ ಗ್ರೇಟ್ ಸಸ್ಪೆಂಡರ್’ ಕೂಡ ಒಳ್ಳೇದೇ ಆಗಿತ್ತು, 20 ಲಕ್ಷ ಜನ ಬಳಸ್ತಿದ್ದರು. 2020ರಲ್ಲಿ ಮಾಡಿದವರು ಅದನ್ನ ಯಾರೋ ಅಪರಿಚಿತರಿಗೆ ಮಾರಿದರು. 2021ರ ಫೆಬ್ರವರಿಯಲ್ಲಿ ಮಾಲ್‌ವೇರ್ ಇದೆ ಅಂತ ಗೂಗಲ್ ಕಿತ್ತುಹಾಕ್ತು. ಮನೆ ಮಾಲೀಕ ಬದಲಾದ, ಬಾಡಿಗೆದಾರನಿಗೆ ಗೊತ್ತೇ ಆಗಲಿಲ್ಲ.

ಬಾಡಿಗೆ ಅಂದಾಗ ನೆನಪಾಯ್ತು. "ನೀವು ಯಾವ ಜನ?" ಅಂತ ಬಾಗಿಲಲ್ಲೇ ಕೇಳಿಸ್ಕೊಂಡೋರು ನಾವು. ಯಾರಿಗೆ ಏನು ಹೇಳಬೇಕು ಅನ್ನೋದು ನಮ್ಮ ಕೈಲಿರಬೇಕು ಅನ್ನೋದು ನಮಗೆ ಶೋಕಿ ಅಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಕೇಸಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದರು. (2023ರ ಡೇಟಾ ಕಾಯ್ದೆ ಅದೇ ಖಾಸಗಿತನದ ನೆಪ ಹಿಡಿದು ಮಾಹಿತಿ ಹಕ್ಕಿನ 8(1)(ಜೆ)ಗೆ ಕತ್ತರಿ ಹಾಕಿದ್ದು ಬೇರೆ ಜಗಳ, ಇನ್ನೊಂದು ದಿನ ಬರೀತೀನಿ.) ಭೀಮಾ ಕೋರೆಗಾಂವ್ ಕೇಸಿನ ರೋನಾ ವಿಲ್ಸನ್ ಲ್ಯಾಪ್‌ಟಾಪಿಗೆ ಹೊರಗಿನಿಂದ ಪತ್ರಗಳನ್ನ ತುರುಕಲಾಗಿತ್ತು ಅಂತ 2021ರಲ್ಲಿ ಅಮೆರಿಕದ ಆರ್ಸೆನಲ್ ಸಂಸ್ಥೆ ವರದಿ ಕೊಟ್ಟಿತು. ಅಲ್ಲಿ ಬಂದದ್ದು ಮಾಲ್‌ವೇರ್, ಎಕ್ಸ್‌ಟೆನ್ಷನ್ ಅಲ್ಲ. ಆದರೂ ಅದನ್ನ ಓದಿದ ಮೇಲೂ "ನಮ್ಮದೇನಿದೆ" ಅನ್ನೋರಿಗೆ ನಾನು ಏನು ಹೇಳಲಿ?

ಇವತ್ತೇ ಮಾಡಿ. ಕ್ರೋಮ್‌ನಲ್ಲಿ ಮೇಲೆ ಬಲಗಡೆ ಪಜಲ್ ತುಂಡಿನ ಹಾಗಿರೋ ಗುರುತು ಒತ್ತಿದರೆ ಪಟ್ಟಿ ಬರತ್ತೆ. ಯಾಕೆ ಹಾಕಿದ್ದು ಅಂತ ನೆನಪಿಲ್ಲದ್ದನ್ನ ಕಿತ್ತುಹಾಕಿ. ಬೇಕೇ ಬೇಕು ಅನ್ನೋದಕ್ಕೆ ಸೈಟ್ ಅನುಮತಿಯನ್ನ ‘ಆನ್ ಕ್ಲಿಕ್’ಗೆ ಇಳಿಸಿ. ಕೇಸಿನ ಕೆಲಸಕ್ಕೆ ಒಂದೂ ಎಕ್ಸ್‌ಟೆನ್ಷನ್ ಇಲ್ಲದ ಬೇರೆ ಬ್ರೌಸರ್ ಇಟ್ಕೊಳ್ಳಿ. ಸೈಬರ್ ಸೆಂಟರ್‌ನಲ್ಲಿ ಸ್ಕಾಲರ್‌ಶಿಪ್ ಅರ್ಜಿ ತುಂಬೋ ಮಕ್ಕಳಿಗೆ ಗೆಸ್ಟ್ ಮೋಡ್ ತೋರಿಸ್ಕೊಡಿ, ಅದರಲ್ಲಿ ಎಕ್ಸ್‌ಟೆನ್ಷನ್ ಓಡಲ್ಲ. ಗ್ರೂಪಿಗೆ ಹಾಕಿರೋ ಆ ಲಿಂಕ್‌ಗಳನ್ನ ಇವತ್ತು ರಾತ್ರಿನೇ ಮುಚ್ಚಿ, ಬೇಕಾದವರ ಇಮೇಲ್ ಸೇರಿಸಿ ಕೊಡಿ. ಮಾಡೋಕೆ ಬರದವರು ಇನ್‌ಬಾಕ್ಸಿಗೆ ಬನ್ನಿ, ಆಫೀಸ್ ಮುಗಿದ ಮೇಲೆ ಕೂತು ಹೇಳ್ಕೊಡ್ತೀನಿ.