ಹಸಿರು ಚುಕ್ಕಿಗೆ ಪಾಸ್‌ಪೋರ್ಟ್ ಇಲ್ಲ

ಆಫೀಸಿನಲ್ಲಿ ಯಾರಾದ್ರೂ ಆನ್‌ಸೈಟ್ ಮುಗಿಸಿ ಬಂದ್ರೆ ಪ್ಯಾಂಟ್ರಿ ಟೇಬಲ್ ಮೇಲೆ ಒಂದು ಚಾಕಲೇಟ್ ಡಬ್ಬಿ ಬಂದು ಕೂರೋದು ಈಗ ಸಂಪ್ರದಾಯವೇ ಆಗಿಬಿಟ್ಟಿದೆ. ಡ್ಯೂಟಿ ಫ್ರೀ ಅಂಗಡಿಯಲ್ಲಿ ಕೊನೇ ಗಳಿಗೆಯಲ್ಲಿ ಕೊಂಡಿದ್ದು. ಅರ್ಧ ಗಂಟೆಯಲ್ಲಿ ಡಬ್ಬಿ ಖಾಲಿ. ಮೊಟ್ಟೆ ಹಾಕಿರ್ತಾರೆ ಅಂತ ಬರ್ತ್‌ಡೇ ಕೇಕ್ ಮುಟ್ಟದವರೂ ಎರಡು ಬಾಯಿಗೆ ಹಾಕ್ಕೊಂಡಿರ್ತಾರೆ. ಅಂಥದ್ದೇ ಇನ್ನೊಂದು ಡಬ್ಬಿ ಊರಿಗೂ ಹೋಗುತ್ತೆ. "ಇದ್ರಲ್ಲಿ ಏನೂ ಇಲ್ಲ ತಾನೇ?" ಅಂತ ಅಜ್ಜಿ ಕೇಳ್ತಾರೆ. "ಬರೀ ಹಾಲು, ಸಕ್ಕರೆ, ಕೋಕೋ ಅಷ್ಟೇ, ತಿನ್ನಜ್ಜಿ" ಅಂತ ಮೊಮ್ಮಕ್ಕಳು ಹೇಳ್ತಾರೆ. ಅಜ್ಜಿ ತಿನ್ನೋದು ಮೊಮ್ಮಗಳ ಮಾತು ನಂಬಿ.

ಆ ಮಾತು ಬಹಳ ಸಲ ನಿಜ. ಆದ್ರೆ ಯಾವಾಗಲೂ ಅಲ್ಲ.

ಚುಕ್ಕಿ ನಮ್ಮ ದೇಶದ್ದು

ಹಸಿರು ಚೌಕದೊಳಗಿನ ಹಸಿರು ಚುಕ್ಕಿ ನೋಡಿ ನೋಡಿ ನಮಗೆ ಒಂದು ಅಭ್ಯಾಸ ಆಗಿದೆ. ಚುಕ್ಕಿ ಕಂಡ್ರೆ ತಿಂತೀವಿ, ಕಂದು ಗುರುತು ಕಂಡ್ರೆ ಬಿಡ್ತೀವಿ. ಭಾರತದಲ್ಲಿ ಈ ಗುರುತು ಕಾನೂನಿನ ಪ್ರಕಾರ ಕಡ್ಡಾಯ. 2001ರಲ್ಲಿ ಬಂದ ನಿಯಮ ಇದು. ಮೊದಲು ಮಾಂಸಾಹಾರಕ್ಕೂ ಕಂದು ಚುಕ್ಕಿಯೇ ಇತ್ತು. ಬಣ್ಣ ಗುರುತಿಸಲು ಆಗದವರಿಗೂ ಗೊತ್ತಾಗಲಿ ಅಂತ 2020ರ ನಿಯಮದಲ್ಲಿ ಅದನ್ನು ತ್ರಿಕೋನ ಮಾಡಿದರು.

ಅಮೆರಿಕ, ಯುರೋಪಿನಲ್ಲಿ ಇಂಥ ಕಡ್ಡಾಯ ಗುರುತು ಇಲ್ಲ. 'ವೆಜಿಟೇರಿಯನ್' ಅಂತ ಬರೆಯೋದು ಬಿಡೋದು ಕಂಪನಿಗೆ ಬಿಟ್ಟದ್ದು. ಬರೆದಿದ್ದರೂ ಅಲ್ಲಿಯ ಲೆಕ್ಕ ಬೇರೆ. ಅಲ್ಲಿ ಮೊಟ್ಟೆ ತಿನ್ನುವವರೂ ವೆಜಿಟೇರಿಯನ್ನೇ. ನಮ್ಮ ನಿಯಮದಲ್ಲಿ ಮೊಟ್ಟೆ ಬಿದ್ದರೆ ಕಂದು ಗುರುತು ಗ್ಯಾರಂಟಿ.

ಒಂದೇ ಬ್ರ್ಯಾಂಡ್ ಆದರೂ ದೇಶ ಬದಲಾದರೆ ರೆಸಿಪಿ ಬದಲಾಗಬಹುದು. 2021ರಲ್ಲಿ ಕ್ಯಾಡ್ಬರಿ ಬಗ್ಗೆ ಒಂದು ಸ್ಕ್ರೀನ್‌ಶಾಟ್ ವಾಟ್ಸಾಪಿನಲ್ಲಿ ಓಡಾಡಿತ್ತು, ನೆನಪಿದೆಯಾ? ಜೆಲಟಿನ್ ದನದ್ದು ಅಂತ ಅದರಲ್ಲಿತ್ತು. ಅದು ಭಾರತದ್ದಲ್ಲ, ಆಸ್ಟ್ರೇಲಿಯಾದ ವೆಬ್‌ಸೈಟಿನದು. ಇಲ್ಲಿ ತಯಾರಾಗುವ ತನ್ನ ಚಾಕಲೇಟೆಲ್ಲ ಪೂರ್ತಿ ಸಸ್ಯಾಹಾರಿ, ಹಸಿರು ಚುಕ್ಕಿ ಇದೆ ನೋಡಿ ಅಂತ ಕಂಪನಿ ಸ್ಪಷ್ಟನೆ ಕೊಟ್ಟಿತು.

ಎಲ್ಲೆಲ್ಲಿ ಅಡಗಿರುತ್ತೆ?

ಕೋಕೋ, ಕೋಕೋ ಬೆಣ್ಣೆ, ಸಕ್ಕರೆ, ಹಾಲಿನ ಪುಡಿ: ಸಾದಾ ಚಾಕಲೇಟ್ ಬಾರ್‌ನಲ್ಲಿ ಇಷ್ಟೇ ಮುಖ್ಯ. ಸಮಸ್ಯೆ ಬರೋದು ಅದರ ಒಳಗೆ ತುಂಬಿದ್ದರಲ್ಲಿ ಮತ್ತು ಮೇಲೆ ಬಳಿದದ್ದರಲ್ಲಿ.

ಮಾರ್ಷ್‌ಮೆಲೋ ಅಥವಾ ಜೆಲ್ಲಿ ತುಂಬಿದ ಚಾಕಲೇಟ್ ಆದ್ರೆ ಜೆಲಟಿನ್ ಇರಬಹುದು. ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ತೆಗೆಯೋದು ಅದು. ಹೊರದೇಶಗಳಲ್ಲಿ ಹೆಚ್ಚಾಗಿ ಹಂದಿ ಅಥವಾ ದನದ್ದು.

ಕೆಂಪು, ಗುಲಾಬಿ ಕೋಟಿಂಗಿನ ಗುಂಡು ಚಾಕಲೇಟುಗಳಲ್ಲಿ ಕಾರ್ಮೈನ್ ಇರಬಹುದು. ಪಾಪಾಸುಕಳ್ಳಿ ಮೇಲೆ ಬದುಕುವ ಕೊಚಿನೀಲ್ ಅನ್ನೋ ಹುಳುವಿನಿಂದ ತೆಗೆದ ಬಣ್ಣ ಇದು. ಅರ್ಧ ಕಿಲೋಗಿಂತ ಸ್ವಲ್ಪ ಕಡಿಮೆ ಒಣ ಕೊಚಿನೀಲ್‌ಗೆ ಸುಮಾರು 70,000 ಹುಳುಗಳು ಬೇಕು ಅನ್ನೋ ಲೆಕ್ಕವಿದೆ. ಲೇಬಲ್ಲಿನಲ್ಲಿ 'ಇ120', 'ಕೊಚಿನೀಲ್' ಅಥವಾ 'ಕಾರ್ಮೈನ್' ಅಂತ ಇರುತ್ತೆ. ಅಮೆರಿಕದಲ್ಲಿ 2011ರಿಂದ ಇದರ ಹೆಸರು ಬರೆಯಲೇಬೇಕು.

ಇನ್ನೊಂದು ಹಾಲಿನ ಹೆಸರಲ್ಲೇ ಬರುತ್ತೆ. ಚೀಸ್ ಮಾಡುವಾಗ ಹಾಲು ಒಡೆಯೋಕೆ ರೆನೆಟ್ ಹಾಕ್ತಾರೆ. ಇದನ್ನು ಹಳೇ ಕ್ರಮದಲ್ಲಿ ಎಳೆಗರುವಿನ ಹೊಟ್ಟೆಯಿಂದ ತೆಗೀತಾರೆ. ಈಗ ಸೂಕ್ಷ್ಮಜೀವಿಗಳಿಂದ ಮಾಡಿದ್ದೂ ಸಿಗುತ್ತೆ. ಚೀಸ್ ತೆಗೆದ ಮೇಲೆ ಉಳಿಯುವ ಹಾಲೊಡಕನ್ನು ಒಣಗಿಸಿದ್ರೆ ವೇ ಪೌಡರ್. ಅದು ಚಾಕಲೇಟಿಗೆ ಹೋಗುತ್ತೆ. ಲೇಬಲ್ಲಿನಲ್ಲಿ ಕಾಣೋದು ಬರೀ 'ವೇ ಪೌಡರ್'. ಯಾವ ರೆನೆಟ್ ಅಂತ ಅದು ಹೇಳಲ್ಲ.

2007ರ ಮೇ ತಿಂಗಳಲ್ಲಿ ಬ್ರಿಟನ್ನಿನಲ್ಲಿ ಇದೇ ದೊಡ್ಡ ಗಲಾಟೆ ಆಯ್ತು. ಮಾರ್ಸ್, ಸ್ನಿಕರ್ಸ್, ಟ್ವಿಕ್ಸ್ ಬಾರ್‌ಗಳಲ್ಲಿ ಇನ್ನು ಮುಂದೆ ಪ್ರಾಣಿ ರೆನೆಟ್ಟಿನ ವೇ ಇರುತ್ತೆ ಅಂತ ಕಂಪನಿ ಹೇಳಿತು. ಒಂದೇ ವಾರದಲ್ಲಿ 6,000ಕ್ಕೂ ಹೆಚ್ಚು ದೂರು ಬಂದವು. ಕಂಪನಿ ಕ್ಷಮೆ ಕೇಳಿ ನಿರ್ಧಾರ ವಾಪಸ್ ತಗೊಂಡಿತು. ದೂರು ಕೊಟ್ಟವರಲ್ಲಿ ಬಹಳ ಜನ ಅಲ್ಲಿನವರೇ. ಅಂದ್ರೆ ಇದು ನಮ್ಮವರ ಮಡಿವಂತಿಕೆ ಮಾತ್ರ ಅಂತ ತಳ್ಳಿಹಾಕೋ ವಿಷಯ ಅಲ್ಲ.

ಎಲ್ಲಾ ನಂಬರಿಗೂ ಹೆದರಬೇಡಿ

'ಈ ನಂಬರ್ ಇದ್ರೆ ಹಂದಿ ಕೊಬ್ಬು' ಅನ್ನೋ ಫಾರ್ವರ್ಡ್ ಪ್ರತಿ ಫ್ಯಾಮಿಲಿ ಗ್ರೂಪಿಗೂ ವರ್ಷಕ್ಕೊಮ್ಮೆ ಬಂದೇ ಬರುತ್ತೆ. ನಮ್ಮ ಚಾಕಲೇಟುಗಳ ಮೇಲೆ ಸಾಮಾನ್ಯವಾಗಿ ಕಾಣೋ 476 ಮಾಡೋದು ಹರಳೆಣ್ಣೆಯಿಂದ. 442 ಸಾಮಾನ್ಯವಾಗಿ ಸಸ್ಯದ ಎಣ್ಣೆಯಿಂದ. 322 ಅಂದ್ರೆ ಲೆಸಿಥಿನ್, ಚಾಕಲೇಟಿನಲ್ಲಿ ಬಹುತೇಕ ಸೋಯಾದ್ದು. ನಿಜವಾಗಿ ಎರಡು ಕಡೆಯಿಂದಲೂ ಬರಬಹುದಾದದ್ದು 471. ತಾಳೆ ಎಣ್ಣೆಯಿಂದಲೂ ಮಾಡ್ತಾರೆ, ಪ್ರಾಣಿ ಕೊಬ್ಬಿನಿಂದಲೂ ಆಗುತ್ತೆ. ಹಸಿರು ಚುಕ್ಕಿ ಜೊತೆಗಿದ್ದರೆ ಚಿಂತೆ ಬೇಡ. ಇಲ್ಲದಿದ್ದರೆ ನಂಬರ್ ಒಂದರಿಂದಲೇ ಏನೂ ಗೊತ್ತಾಗಲ್ಲ.

ದೆಹಲಿ ಹೈಕೋರ್ಟ್ 2021ರ ಡಿಸೆಂಬರಿನಲ್ಲಿ ಹೇಳಿದ್ದೂ ಇದನ್ನೇ. ಬರೀ ಕೋಡ್ ನಂಬರ್ ಸಾಲದು, ಆ ಪದಾರ್ಥದ ಮೂಲ ಸಸ್ಯವೋ ಪ್ರಾಣಿಯೋ ಅನ್ನೋದು ತಿನ್ನುವವರಿಗೆ ಗೊತ್ತಾಗಬೇಕು, ಪ್ರಮಾಣ ಎಷ್ಟೇ ಚಿಕ್ಕದಿದ್ದರೂ ಸರಿ ಅಂತ.

ಚುಕ್ಕಿಯ ಗೆರೆ, ಮನೆಯ ಗೆರೆ

ಹಸಿರು ಚುಕ್ಕಿಯೂ ಎಲ್ಲರ ಮನೆಯ ನಿಯಮಕ್ಕೆ ಹೊಂದಲ್ಲ. ನಮ್ಮ ಕಾನೂನು ಹಾಲು, ಜೇನುತುಪ್ಪ, ಜೇನುಮೇಣ, ಶೆಲ್ಯಾಕ್ ಇವನ್ನು ಮಾಂಸಾಹಾರದ ಪಟ್ಟಿಯಿಂದ ಹೊರಗಿಟ್ಟಿದೆ. ಶೆಲ್ಯಾಕ್ ಅಂದ್ರೆ ನಮ್ಮ ಅರಗು. ಅರಗಿನ ಹುಳು ಮರದ ಕೊಂಬೆ ಮೇಲೆ ಸುರಿಸುವ ಅಂಟು. ಚನ್ನಪಟ್ಟಣದ ಗೊಂಬೆ ಹೊಳೆಯೋದೂ ಅರಗಿನಿಂದಲೇ. ಚಾಕಲೇಟ್ ಹಚ್ಚಿದ ಬಾದಾಮಿ, ಒಣದ್ರಾಕ್ಷಿ ಕೆಲವು ಸಲ ಮಿರಮಿರ ಹೊಳೆಯೋಕೂ ಅದೇ ಕಾರಣ. ಲೇಬಲ್ಲಿನಲ್ಲಿ '904' ಅಂತಿರುತ್ತೆ. ಕೆಲವರಿಗೆ ಇದು ಏನೂ ಅಲ್ಲ. ಕಟ್ಟುನಿಟ್ಟಿನ ಜೈನ ಗೆಳತಿಗೆ ಅಥವಾ ವೀಗನ್ ಸಹೋದ್ಯೋಗಿಗೆ ಇದು ದೊಡ್ಡ ವಿಷಯ ಆಗಬಹುದು.

ಗೆರೆ ಎಲ್ಲಿ ಎಳೀಬೇಕು ಅನ್ನೋದು ತಿನ್ನುವವರ ಹಕ್ಕು. ಕೊಡುವವರು 'ಇಷ್ಟಕ್ಕೆಲ್ಲ ಏನು' ಅಂತ ಅವರ ಪರವಾಗಿ ತೀರ್ಮಾನ ಮಾಡೋದು ಸರಿಯಲ್ಲ.

ಕೊಳ್ಳುವಾಗ ಎರಡು ನಿಮಿಷ

- ಇಂಪೋರ್ಟೆಡ್ ಚಾಕಲೇಟನ್ನು ಇಲ್ಲೇ ಕೊಂಡರೆ ಆಮದುದಾರರ ಸ್ಟಿಕ್ಕರ್ ಹುಡುಕಿ. ವಿಳಾಸ, ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್, ಹಸಿರು ಅಥವಾ ಕಂದು ಗುರುತು ಇರಬೇಕು. ಇಲ್ಲದಿದ್ದರೆ ಬಿಟ್ಟುಬಿಡಿ.
- ಯುರೋಪ್, ಬ್ರಿಟನ್ನಿನ ಪ್ಯಾಕೆಟ್ಟಿನಲ್ಲಿ ಹಾಲು, ಮೊಟ್ಟೆಯಂಥ ಅಲರ್ಜಿ ಪದಾರ್ಥಗಳು ದಪ್ಪಕ್ಷರದಲ್ಲಿರುತ್ತೆ. ಮೊಟ್ಟೆ ಹುಡುಕೋದು ಸುಲಭ. ಕಾರ್ಮೈನ್ ಹಾಗಿರಲ್ಲ, ಇಡೀ ಪಟ್ಟಿ ಓದಬೇಕು.
- 'ಮೇ ಕಂಟೇನ್' ಅಂತ ಇದ್ರೆ ಅದು ಅದೇ ಮೆಷಿನ್ನಿನಲ್ಲಿ ಬೇರೆಯದೂ ತಯಾರಾಗುತ್ತೆ ಅನ್ನೋ ಎಚ್ಚರಿಕೆ. ಹಾಕಿದ್ದಾರೆ ಅಂತಲ್ಲ.
- ಊರಿನ ಹಿರಿಯರಿಗೆ ಆದ್ರೆ 'ವೀಗನ್' ಗುರುತಿನ ಡಾರ್ಕ್ ಚಾಕಲೇಟ್ ತರೋದು ಸುಲಭದ ದಾರಿ. ರಮ್, ಬ್ರಾಂಡಿ ತುಂಬಿದ್ದಲ್ಲ ತಾನೇ ಅಂತ ಮಾತ್ರ ನೋಡ್ಕೊಳ್ಳಿ. ವೀಗನ್ ಗುರುತು ಅದನ್ನು ತಡೆಯಲ್ಲ.
- ಆಫೀಸಿನಲ್ಲಿ ಡಬ್ಬಿ ಇಟ್ಟರೆ ಹೊರಗಿನ ರಟ್ಟು ಎಸೀಬೇಡಿ, ಪಕ್ಕದಲ್ಲೇ ಇಡಿ. ಬೇಕಾದವರು ಓದ್ಕೊತಾರೆ.

ಮತ್ತೆ, ಅಜ್ಜಿ ಕೇಳಿದಾಗ ಗೊತ್ತಿಲ್ಲದಿದ್ದರೆ "ನೋಡಿ ಹೇಳ್ತೀನಿ ಇರು" ಅಂದ್ರೆ ಸಾಕು. ಚಾಕಲೇಟ್ ಎರಡು ನಿಮಿಷದಲ್ಲೇನೂ ಹಾಳಾಗಲ್ಲ.

ನಿಮ್ಮ ಮನೆಯಲ್ಲಿ ಗೆರೆ ಎಲ್ಲಿದೆ? ಅರಗು ನಡೆಯುತ್ತಾ? ಬರೆದು ತಿಳಿಸಿ.