ಘಾಟಿ ಹತ್ತುವುದು ಕಾಲೋ, ಕಾರ್ಬನ್ನೋ?

ನಮ್ಮ ಸಮಾಜದಿಂದ ಪಂಕ್ತಿಭೇದ ಹೊರಟುಹೋಯಿತೆಂದು ನಂಬಿರುವವರು ಒಂದು ಭಾನುವಾರ ಬೆಳಿಗ್ಗೆ ಸಿಂಹಗಡದ ಬುಡದಲ್ಲಿ, ಚಹದ ಗಾಡಿಯ ಬಳಿ, ಹತ್ತು ನಿಮಿಷ ನಿಂತು ನೋಡಬೇಕು. ಪುಣೆಯ ಸೈಕಲ್ ಸವಾರರು ಅಲ್ಲಿ ಗುಂಪುಗುಂಪಾಗಿ ಸೇರಿರುತ್ತಾರೆ. ಹೊಸಬನೊಬ್ಬ ಬಂದರೆ ಹೆಸರೇನು, ಊರಾವುದು ಎಂದು ಕೇಳುವ ರೂಢಿ ಅಲ್ಲಿಲ್ಲ. ಎಲ್ಲರ ದೃಷ್ಟಿಯೂ ಅವನ ಸೈಕಲ್ಲಿನ ಹಿಂದಿನ ಚಕ್ರದ ಕಡೆಗೆ, ಗೇರು ಬದಲಿಸುವ ಆ ಪುಟ್ಟ ಯಂತ್ರದ ಮೇಲೆ ಕೆತ್ತಿರುವ ಹೆಸರಿನ ಕಡೆಗೆ ಹರಿಯುತ್ತದೆ. ಕ್ಲಾರಿಸ್ ಆದರೆ ಅವನು ಹೊರಜಗಲಿಗೆ. ಸೋರಾ, ಟಿಯಾಗ್ರಾ ಆದರೆ ಪಡಸಾಲೆಗೆ. 105 ಇದ್ದರೆ ಒಳಗೆ ಬಂದು ಕೂರಬಹುದು. ಅಲ್ಟೆಗ್ರಾ ಇದ್ದವನಿಗೆ ಮಣೆ ಹಾಕುತ್ತಾರೆ. ಡ್ಯೂರಾ-ಏಸ್ ಇದ್ದವನಿಗೆ ನೇರ ಗರ್ಭಗುಡಿ. ಇವೆಲ್ಲ ಜಪಾನಿನ ಶಿಮಾನೋ ಕಂಪನಿ ತನ್ನ ಬಿಡಿಭಾಗಗಳಿಗೆ ಇಟ್ಟಿರುವ ದರ್ಜೆಯ ಹೆಸರುಗಳು. ಹಿಂದೆ ಗೋತ್ರ ಯಾವುದೆಂದು ಕೇಳುತ್ತಿದ್ದರು. ಈಗ ಗ್ರೂಪ್‌ಸೆಟ್ ಯಾವುದೆಂದು ಕೇಳುತ್ತಾರೆ.

ದೂರದಿಂದ ನೋಡಿ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಈ ರೋಗ ನಮ್ಮ ಸಂಘದ ತರುಣರಿಗೂ ತಗಲಿದೆ. ನಾಟಕ ಮುಗಿದ ಮೇಲೆ, ರಾಜ್ಯೋತ್ಸವದ ಊಟದ ಸಾಲಿನಲ್ಲಿ, ಎಲ್ಲೆಂದರಲ್ಲಿ ಇದೇ ಚರ್ಚೆ. ಇವರ ಚಕ್ರ ಅವರ ಚಕ್ರಕ್ಕಿಂತ ಇನ್ನೂರು ಗ್ರಾಂ ಹಗುರ. ಸೆರಾಮಿಕ್ ಬೇರಿಂಗ್ ಹಾಕಿಸಿದರೆ ಏರಿನಲ್ಲಿ ಎಷ್ಟು ಲಾಭ. ಕಾರ್ಬನ್ ಸೀಟ್‌ಪೋಸ್ಟಿಗೆ ಇಪ್ಪತ್ತು ಸಾವಿರ ಕೊಡುವುದು ಹೆಚ್ಚೋ ಕಡಿಮೆಯೋ. ಈ ಲೆಕ್ಕ ಕೇಳಿ ಕೇಳಿ ನಮಗೂ ಒಂದಿಷ್ಟು ಲೆಕ್ಕ ಮಾಡುವ ಚಪಲ ಹುಟ್ಟಿದೆ. ಮಿತ್ರರು ಸಿಟ್ಟಾಗದೆ ಓದಬೇಕು.

ಸವಾರನ ತೂಕ 72 ಕಿಲೋ, ಸೈಕಲ್ 9 ಕಿಲೋ. ಬೂಟು, ಬಟ್ಟೆ, ಹೆಲ್ಮೆಟ್, ನೀರು ಎಲ್ಲ ಸೇರಿ 4 ಕಿಲೋ ಎಂದಿಟ್ಟುಕೊಳ್ಳೋಣ. ಒಟ್ಟು 85 ಕಿಲೋ. ಐನೂರು ಮೀಟರ್ ಎತ್ತರದ ಒಂದು ಘಾಟಿಯನ್ನು ಹತ್ತಲು ಈ ಸವಾರನಿಗೆ ಮುಕ್ಕಾಲು ಗಂಟೆ ಬೇಕು. ಈಗ ಅವನು ಲಕ್ಷಾಂತರ ರೂಪಾಯಿ ಸುರಿದು ಸೈಕಲ್ಲಿನಿಂದ ಒಂದು ಕಿಲೋ ಇಳಿಸುತ್ತಾನೆ. ಕಡಿದಾದ ಏರಿನಲ್ಲಿ ಶ್ರಮದ ಬಹುಪಾಲು ಭಾರವನ್ನು ಮೇಲಕ್ಕೆತ್ತುವುದಕ್ಕೇ ಹೋಗುವುದರಿಂದ, ಒಟ್ಟು ಭಾರ ನೂರಕ್ಕೆ ಎಷ್ಟು ಕಡಿಮೆಯಾಯಿತೋ ಸಮಯವೂ ಹೆಚ್ಚುಕಡಿಮೆ ನೂರಕ್ಕೆ ಅಷ್ಟೇ ಉಳಿಯುತ್ತದೆ. 85ರಲ್ಲಿ ಒಂದು ಎಂದರೆ ನೂರಕ್ಕೆ ಒಂದು, ಒಂದೂಕಾಲು. ಮುಕ್ಕಾಲು ಗಂಟೆಯಲ್ಲಿ ಹೆಚ್ಚೆಂದರೆ ಅರ್ಧ ನಿಮಿಷ! ಆ ಅರ್ಧ ನಿಮಿಷವೂ ಮೇಲೆ ತಲುಪಿ ಪಿಠಲೆ-ಭಾಕರಿಗೆ ಹೇಳಿ ಕಾಯುತ್ತ ಕೂರುವಲ್ಲಿ ಕರಗಿಹೋಗುತ್ತದೆ. ಮುಕ್ಕಾಲು ಲೀಟರಿನ ಎರಡು ಬಾಟಲಿ ನೀರು ಒಯ್ಯುವವನು ಒಂದನ್ನು ಬುಡದಲ್ಲೇ ಬಿಟ್ಟುಹೋದರೆ ಹೆಚ್ಚುಕಡಿಮೆ ಅಷ್ಟೇ ಭಾರ ಇಳಿದಂತಾಯಿತು, ಪುಕ್ಕಟೆಯಾಗಿ. ಹೊಟ್ಟೆಯ ಸುತ್ತ ಇರುವ ಕಿಲೋಗಳ ವಿಷಯವನ್ನು ನಾವು ಎತ್ತುವುದಿಲ್ಲ; ಅದು ಅವರವರ ಗೃಹಕೃತ್ಯ.

ಇನ್ನೊಂದು ತಮಾಷೆ. ಜಗತ್ತಿನ ಶ್ರೇಷ್ಠ ಸ್ಪರ್ಧಾಳುಗಳು ಏರುವ ಸೈಕಲ್ಲು 6.8 ಕಿಲೋಗಿಂತ ಹಗುರವಾಗಿರಕೂಡದೆಂದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮವಿದೆ. 2000ದಿಂದ ಜಾರಿಯಲ್ಲಿರುವ ನಿಯಮವದು. ಟೂರ್ ದ ಫ್ರಾನ್ಸ್ ಗೆಲ್ಲುವವನಿಗೆ 6.8 ಸಾಕು; ಕಾತ್ರಜ್ ಘಾಟಿ ಹತ್ತಿ ಮರಳಿ ಆಫೀಸಿಗೆ ಹೋಗುವ ನಮ್ಮ ಮಹಾಶಯರಿಗೆ 6.5 ಬೇಕು.

ಹಾಗಾದರೆ ಏರಿನಲ್ಲಿ ಯಂತ್ರದಿಂದ ಪ್ರಯೋಜನವೇ ಇಲ್ಲವೆ? ಇದೆ, ಖಂಡಿತ ಇದೆ. ಆದರೆ ಅದು ತೂಕದಲ್ಲಿಲ್ಲ, ಹಲ್ಲಿನಲ್ಲಿದೆ. ಮುಂದೆ 39 ಹಲ್ಲು, ಹಿಂದೆ 25 ಹಲ್ಲು ಇರುವ ಹಳೆಯ ರೇಸಿಂಗ್ ಸೈಕಲ್ಲಿನಲ್ಲಿ ಪೆಡಲು ಒಂದು ಸುತ್ತು ತಿರುಗಿದರೆ ಸೈಕಲ್ ಸುಮಾರು 3.3 ಮೀಟರ್ ಮುಂದೆ ಹೋಗುತ್ತದೆ. ಕಡಿದಾದ ಏರಿನಲ್ಲಿ ಸಾಮಾನ್ಯ ಸವಾರನ ವೇಗ ಗಂಟೆಗೆ ಎಂಟು ಕಿಲೋಮೀಟರಿಗೆ ಇಳಿದಾಗ ಅವನ ಕಾಲು ನಿಮಿಷಕ್ಕೆ ನಲವತ್ತೇ ಸುತ್ತು ತಿರುಗುತ್ತದೆ. ಗಾಣದ ಎತ್ತಿನ ನಡಿಗೆ! ಭಾರವೆಲ್ಲ ಮೊಣಕಾಲಿನ ಮೇಲೆ. ಅದೇ ಮುಂದೆ 34, ಹಿಂದೆ 34 ಹಲ್ಲು ಇದ್ದರೆ ಒಂದು ಸುತ್ತಿಗೆ ಸುಮಾರು 2.1 ಮೀಟರ್, ಅದೇ ವೇಗದಲ್ಲಿ ಕಾಲು ಅರವತ್ತಕ್ಕೂ ಹೆಚ್ಚು ಸುತ್ತು ಹಗುರವಾಗಿ ತಿರುಗುತ್ತದೆ. ಹಿಂದಿನ ಕ್ಯಾಸೆಟ್ ಬದಲಿಸಲು ಕೆಲವು ಸಾವಿರ ರೂಪಾಯಿ ಸಾಕು. ಅಷ್ಟು ದೊಡ್ಡ ಹಲ್ಲನ್ನು ನಿಮ್ಮ ಡಿರೇಲರ್ ತಾಳುತ್ತದೆಯೇ ಎಂದು ಮಾತ್ರ ಮೊದಲು ಮೆಕ್ಯಾನಿಕ್‌ನನ್ನು ಕೇಳಿಕೊಳ್ಳಬೇಕು. ಆದರೆ ದೊಡ್ಡ ಕ್ಯಾಸೆಟ್ ಹಾಕಿಸಿಕೊಂಡವನನ್ನು ನಮ್ಮ ಪಂಡಿತರು ಅಜ್ಜನ ಗೇರು ಎಂದು ಹಾಸ್ಯ ಮಾಡುತ್ತಾರೆ. ಹಾಸ್ಯ ಮಾಡಿದವರೇ ಆರು ತಿಂಗಳ ಮೇಲೆ ಮೊಣಕಾಲು ಹಿಡಿದುಕೊಂಡು ಡಾಕ್ಟರ ಮನೆಯಲ್ಲಿ ಕುಳಿತಿರುವುದನ್ನೂ ನಾವು ಕಂಡಿದ್ದೇವೆ.

ಈ ಹಾಸ್ಯಕ್ಕೊಂದು ಹಳೆಯ ಪರಂಪರೆಯೇ ಇದೆ. 1903ರಲ್ಲಿ ಟೂರ್ ದ ಫ್ರಾನ್ಸ್ ಆರಂಭಿಸಿದ ಆನ್ರಿ ದೆಗ್ರಾಂಜ್ ಎಂಬಾತ ಗೇರು ಬದಲಿಸುವ ಡಿರೇಲರನ್ನು ತನ್ನ ಪಂದ್ಯದೊಳಗೆ ಬಿಟ್ಟುಕೊಳ್ಳಲಿಲ್ಲ. ಪರೀಕ್ಷೆ ಮನುಷ್ಯನದಾಗಬೇಕು, ಯಂತ್ರದ್ದಲ್ಲ ಎಂಬುದು ಆತನ ಹಟ. ಗೇರು ಬೇಕಾದವರು ಪರ್ವತದ ಬುಡದಲ್ಲಿ ಇಳಿದು, ಹಿಂದಿನ ಚಕ್ರವನ್ನೇ ಬಿಚ್ಚಿ ತಿರುಗಿಸಿ ಹಾಕಿಕೊಳ್ಳಬೇಕಿತ್ತು. 1937ರಲ್ಲಷ್ಟೇ ಡಿರೇಲರಿಗೆ ಬಾಗಿಲು ತೆರೆಯಿತು. ದೆಗ್ರಾಂಜ್‌ನ ಪಕ್ಷವನ್ನು ನಾವು ಹಿಡಿಯುವುದಿಲ್ಲ. ಹಾಗೆಯೇ ಇಟಲಿಯ ಟುಲಿಯೊ ಕಂಪಾನ್ಯೋಲೊನ ಕಥೆ. 1927ರಲ್ಲಿ ಕ್ರೋಚೆ ದಾವುನೆ ಎಂಬ ಕಣಿವೆಯ ಏರಿನಲ್ಲಿ ಚಳಿಗೆ ಮರಗಟ್ಟಿದ ಬೆರಳುಗಳಿಂದ ಚಕ್ರದ ನಟ್ಟು ಬಿಚ್ಚಲಾಗದೆ ಅವನು ಪಂದ್ಯ ಸೋತನಂತೆ. ಆ ಸಂಕಟದಲ್ಲೇ, ಒಂದು ಸನ್ನೆ ಎಳೆದರೆ ಚಕ್ರ ಕಳಚುವ ಉಪಾಯ ಹೊಳೆಯಿತಂತೆ. ಕಥೆ ಎಷ್ಟರಮಟ್ಟಿಗೆ ನಿಜವೋ, ಆ ಸನ್ನೆಯಂತೂ ಜಗತ್ತಿನ ಕೋಟ್ಯಂತರ ಸೈಕಲ್ಲುಗಳಿಗೆ ಬಂತು. ಇಂಥ ಸುಧಾರಣೆಗೆ ನಾವು ಕೈಮುಗಿಯುತ್ತೇವೆ. ಅದು ಕಷ್ಟದಿಂದ ಹುಟ್ಟಿ ಕಷ್ಟ ನೀಗಿಸಿದ್ದು. 2021ರಲ್ಲಿ ಬಂದ ಹೊಸ ಡ್ಯೂರಾ-ಏಸ್, ಅಲ್ಟೆಗ್ರಾಗಳು ತಂತಿ ಎಳೆದು ಗೇರು ಬದಲಿಸುವ ಪದ್ಧತಿಯನ್ನೇ ಕೈಬಿಟ್ಟು ಬ್ಯಾಟರಿಗೆ ಶರಣಾದವಲ್ಲ, ಅದು ಯಾರ ಕಷ್ಟವನ್ನು ನೀಗಿಸಿತು? ತಂತಿ ತುಂಡಾದರೆ ಸಾಸವಡದ ಪೇಟೆಯಲ್ಲೂ ಒಂದು ತಂತಿ ಸಿಕ್ಕೀತು. ಬ್ಯಾಟರಿಗೆ ಚಾರ್ಜು ಮಾಡಲು ಮರೆತು ಬಂದವನು ದಿವೆ ಘಾಟಿನ ನಡುವೆ, ಒಂದೇ ಗೇರಿನಲ್ಲಿ ಸಿಕ್ಕಿಕೊಂಡು, ದೇವರ ನಾಮ ಹೇಳಬೇಕು. ಅದೇ ಘಾಟಿಯನ್ನು ಪ್ರತಿ ಆಷಾಢಿ ವಾರಿಯಲ್ಲಿ ಜ್ಞಾನೇಶ್ವರರ ಪಾಲಖಿಯ ಜೊತೆ, ತಲೆಯ ಮೇಲೆ ತುಳಸಿಕಟ್ಟೆ ಹೊತ್ತ ಮುದುಕಿಯರು ಚಪ್ಪಲಿಯಲ್ಲಿ ಹತ್ತುತ್ತಾರೆ ಎಂಬುದು ಬೇರೆ ಮಾತು.

ಹಗುರವೇ ವೇಗ ಎನ್ನುವವರು ಆಲ್ಪ್ ದ್ಯುಯೆಜ್ ಪರ್ವತದ ದಾಖಲೆಯನ್ನು ನೋಡಲಿ. 13.8 ಕಿಲೋಮೀಟರ್, 21 ತಿರುವು. 1990ರ ದಶಕದ ಮಧ್ಯದಲ್ಲಿ ಮಾರ್ಕೊ ಪಂತಾನಿ ಅದನ್ನು ಹತ್ತಿದ ವೇಗವನ್ನು ಮುಂದಿನ ಇಪ್ಪತ್ತು ವರ್ಷಗಳಲ್ಲಿ ಬಂದ ಯಾವ ಕಾರ್ಬನ್ ವಿಮಾನವೂ ಮುರಿಯಲಿಲ್ಲ. ಅದು ಸವಾರರ ರಕ್ತದಲ್ಲಿ ಮದ್ದು ಹರಿದ ದಶಕವೆಂಬುದನ್ನೂ ಮರೆಯಬಾರದು. ಆದರೆ ಅಲ್ಲಿಯೂ ವ್ಯತ್ಯಾಸ ಮಾಡಿದ್ದು ಮೈಯೊಳಗಿನ ವಸ್ತುವೇ ಹೊರತು ಫ್ರೇಮಿನ ಗ್ರಾಂಗಳಲ್ಲ.

"ದುಡ್ಡು ನಮ್ಮದು, ನಿಮಗೇನು ನೋವು?" ಎಂದು ಮಿತ್ರರು ಕೇಳುತ್ತಾರೆ. ನೋವಿದೆ. ಮೊದಲನೆಯದಾಗಿ, ಈ ಮಾತುಗಳನ್ನು ಕೇಳಿಯೇ ಹೊಸಬರು ಹೆದರುತ್ತಾರೆ. ಸೈಕಲ್ಲಿಗೆ ಹತ್ತು ಲಕ್ಷ ದಾಟಿದ ಬೆಲೆಯ ಕಥೆ ಕೇಳಿದ ಗುಮಾಸ್ತ ತನ್ನ ಹದಿನೈದು ಕಿಲೋ ಸೈಕಲ್ಲನ್ನು ಮಾಳಿಗೆಯಲ್ಲೇ ಬಿಡುತ್ತಾನೆ. ಒಂದು ಕಾಲಕ್ಕೆ ಸೈಕಲ್ಲುಗಳ ನಗರವೆಂದು ಹೆಸರಾಗಿದ್ದ ಪುಣೆಯಲ್ಲಿ ಸೈಕಲ್ ಎಂಬುದು ಹಾಲಿನವನದೂ ಮಾಸ್ತರರದೂ ಕಾಲೇಜು ಹುಡುಗಿಯರದೂ ಆಗಿತ್ತು. ಅದನ್ನು ಶ್ರೀಮಂತರ ಒಡವೆಯನ್ನಾಗಿ ಮಾಡಿದ್ದು ಸಣ್ಣ ಅಪರಾಧವಲ್ಲ. ಸುಂಕದ ಗೋಳನ್ನೂ ನಾವು ಕೇಳಿದ್ದೇವೆ. 2023ರ ಕೇಂದ್ರ ಮುಂಗಡಪತ್ರ ಆಮದು ಸೈಕಲ್ಲಿನ ಸುಂಕವನ್ನು ಶೇಕಡಾ 30ರಿಂದ 35ಕ್ಕೆ ಏರಿಸಿದಾಗ ಇವರು ಮನೆಯಲ್ಲಿ ಸೂತಕ ಬಂದವರಂತೆ ಮಾತಾಡಿದರು. 2025ರ ಸೆಪ್ಟೆಂಬರಿನಲ್ಲಿ ಸೈಕಲ್ಲಿನ ಮೇಲಿನ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿಯಿತು. ಉಳಿದದ್ದೇನು ಮಾಡಿದಿರಿ ಎಂದರೆ, ಕಾರ್ಬನ್ ಹ್ಯಾಂಡಲ್ ಹಾಕಿಸಿದೆವು ಎಂಬ ಉತ್ತರ!

ಸುರಕ್ಷತೆಯ ವಾದವೊಂದುಂಟು, ಅದನ್ನು ನಾವು ಒಪ್ಪುತ್ತೇವೆ. ಹತ್ತಿದವನು ಇಳಿಯಲೇಬೇಕು. ಮಳೆಗಾಲದ ಇಳಿಜಾರಿನಲ್ಲಿ ಡಿಸ್ಕ್ ಬ್ರೇಕು ಕೆಲಸಕ್ಕೆ ಬರುತ್ತದೆ, ಒಳ್ಳೆಯ ಟಯರು ಇನ್ನೂ ಹೆಚ್ಚು. ಆದರೆ ಲಕ್ಷದ ಚಕ್ರಕ್ಕೆ ಸವೆದ ಟಯರು ಹಾಕಿಕೊಂಡು ಬರುವವರೂ ಇವರೇ. ರಿಮ್ಮಿಗೇ ಬ್ರೇಕು ಒತ್ತುವ ಕಾರ್ಬನ್ ಚಕ್ರಗಳು ಉದ್ದದ ಇಳಿಜಾರಿನಲ್ಲಿ ಕಾದು ಕೆಡಬಲ್ಲವೆಂಬ ಮಾತನ್ನು ಅಂಗಡಿಯವನು ಹೇಳುವುದಿಲ್ಲ, ಇವರೂ ಕೇಳುವುದಿಲ್ಲ.

ಎರಡನೆಯ ನೋವು ನಮ್ಮ ಊರಿನದು. ಕರ್ನಾಟಕದ ಸೈಕ್ಲಿಂಗ್ ಎಂದರೆ ಬೆಂಗಳೂರಿನವರಿಗೆ ನಂದಿಬೆಟ್ಟ. 2008ರಲ್ಲಿ ಆರಂಭವಾದ ಟೂರ್ ಆಫ್ ನೀಲಗಿರೀಸ್‌ಗೆ ಹೋಗಿಬಂದವರಿಗೆ ಮಸಿನಗುಡಿಯಿಂದ ಊಟಿಗೆ ಹತ್ತುವ ಕಲ್ಲಟ್ಟಿಯ 36 ತಿರುವು. ಆದರೆ ರಾಷ್ಟ್ರಮಟ್ಟದ ಪಂದ್ಯಗಳಲ್ಲಿ ಕರ್ನಾಟಕದ ಹೆಸರನ್ನು ವರ್ಷವರ್ಷವೂ ಎತ್ತಿಹಿಡಿದವರು ಬಹುಮಟ್ಟಿಗೆ ವಿಜಯಪುರ, ಬಾಗಲಕೋಟೆಯ ಕಡೆಯ ಮಕ್ಕಳು. ಬೆಟ್ಟವೆಂಬುದು ಕಣ್ಣಿಗೆ ಬೀಳದ ಬಯಲಿನಲ್ಲಿ, ಎದುರುಗಾಳಿಯನ್ನೇ ಘಾಟಿಯೆಂದು ತಿಳಿದು ತುಳಿದವರು. ರೈತರ ಮನೆಯ ಹುಡುಗರು, ಹುಡುಗಿಯರು. ವಿಜಯಪುರದ ಕ್ರೀಡಾವಸತಿ ನಿಲಯದಲ್ಲಿ ಬೆಳೆದು, ಸೈಕಲ್ಲಿನ ಬಲದಿಂದಲೇ ರೈಲ್ವೆಯಲ್ಲಿ ನೌಕರಿ ಹಿಡಿದು ಮನೆ ನಿಲ್ಲಿಸಿದವರಿದ್ದಾರೆ. ಅಲ್ಲಿಗೊಂದು ವೆಲೊಡ್ರೋಮ್ ಬೇಕೆಂಬ ಬೇಡಿಕೆ, ಅದರ ಕಾಮಗಾರಿ, ಅದರ ವಿಳಂಬ, ಈ ಸುದ್ದಿಗಳನ್ನು ನಾವು ಎಷ್ಟು ವರ್ಷ ಓದಿದ್ದೇವೆ! ಆ ಮಕ್ಕಳ ಮನೆಯಲ್ಲಿ ಒಂದು ರೇಸಿಂಗ್ ಸೈಕಲ್ಲೆಂದರೆ ಅಪ್ಪ ಸಾಲ ಮಾಡಬೇಕಾದ ವಸ್ತು. ಅಲ್ಲಿ ಗ್ರೂಪ್‌ಸೆಟ್ಟಿನ ಚರ್ಚೆ ನಡೆಯುವುದಿಲ್ಲ. ಸವೆದ ಚೈನು ಈ ಪಂದ್ಯಕ್ಕೆ ತಾಳೀತೇ ಎಂಬ ಚರ್ಚೆ ನಡೆಯುತ್ತದೆ.

ನಮ್ಮ ಸಂಘದ ಸದಸ್ಯರಲ್ಲಿ ಅರ್ಧಕ್ಕರ್ಧ ಜನ ಆ ಸೀಮೆಯವರು. ಜಾತ್ರೆಗೆ ಹೋಗುತ್ತೇವೆ, ಜೋಳದ ರೊಟ್ಟಿ ಕಟ್ಟಿಸಿಕೊಂಡು ಬರುತ್ತೇವೆ. ಇಲ್ಲಿ ಅಲ್ಟೆಗ್ರಾದಿಂದ ಡ್ಯೂರಾ-ಏಸ್‌ಗೆ ಬಡ್ತಿ ಪಡೆಯಲು ಸುರಿಯುವ ಹಣದಲ್ಲಿ ಅಲ್ಲಿ ಒಂದು ಮಗುವಿಗೆ ಪಂದ್ಯಕ್ಕೆ ಯೋಗ್ಯವಾದ ಸೈಕಲ್ ಬರುತ್ತದೆ. ಈ ಎರಡು ದರ್ಜೆಗಳ ನಡುವಿನ ತೂಕದ ಅಂತರವಾದರೋ ಕೆಲವು ನೂರು ಗ್ರಾಂ. ಮುಂಬಯಿ-ಪುಣೆ ಸೈಕಲ್ ಪಂದ್ಯದಲ್ಲಿ ಬೋರ್ ಘಾಟನ್ನು ಮೊದಲು ಹತ್ತಿದವನಿಗೆ 'ಘಾಟಾಚಾ ರಾಜಾ' ಎಂಬ ಬಿರುದು ಕೊಡುತ್ತಾರೆ. ಆ ಬಿರುದಿಗೆ ತುಳಿಯಬಲ್ಲ ಕಾಲುಗಳು ನಮ್ಮೂರಿನಲ್ಲಿವೆ; ತುಳಿಸಿಕೊಳ್ಳುವ ಸೈಕಲ್ಲುಗಳು ಇಲ್ಲಿ ಗೋಡೆಗೆ ತೂಗುಹಾಕಿಕೊಂಡಿವೆ.

ಹಾಗೆಂದು ದಾನದ ಹೆಸರಿನಲ್ಲಿ ಕಸ ಸಾಗಿಸಬಾರದು. ಬಡ್ತಿ ಪಡೆದವರ ಮನೆಯ ಅಟ್ಟದಲ್ಲಿ ಹತ್ತು ಗೇರಿನ, ಹನ್ನೊಂದು ಗೇರಿನ ಒಳ್ಳೆಯ ಭಾಗಗಳು ಕುಳಿತಿವೆ. ಹನ್ನೊಂದು ಗೇರಿನ ಕ್ಯಾಸೆಟ್ಟಿಗೆ ಹನ್ನೆರಡು ಗೇರಿನ ಸನ್ನೆ ಹೊಂದುವುದಿಲ್ಲ. ಬಿಡಿಬಿಡಿಯಾಗಿ ಕಳಿಸಿದರೆ ಅಲ್ಲಿನ ತರಬೇತುದಾರರು ತಲೆ ಚಚ್ಚಿಕೊಳ್ಳಬೇಕಾದೀತು. ಆದ್ದರಿಂದ ಸನ್ನೆ, ಡಿರೇಲರ್, ಕ್ಯಾಸೆಟ್, ಮುಂದಿನ ಹಲ್ಲಿನ ಬಿಲ್ಲೆ, ಇಷ್ಟನ್ನು ಒಂದೇ ಕಟ್ಟಾಗಿ ಕಟ್ಟಿ, ಎಷ್ಟು ಗೇರು, ಎಷ್ಟು ಹಲ್ಲು ಎಂದು ಚೀಟಿ ಬರೆದು ಅಂಟಿಸಿ ಸಂಘದ ಕಚೇರಿಗೆ ತಲುಪಿಸಬೇಕು. ಫ್ರೇಮು ಕೊಡುವವರು ಅದರ ಅಳತೆ ಬರೆಯಲಿ. ಬಿದ್ದು ಬಿರುಕು ಬಿಟ್ಟ ಕಾರ್ಬನ್ ಫ್ರೇಮನ್ನು ದಯವಿಟ್ಟು ತರಬೇಡಿ. ಚೈನು ಮಾತ್ರ ಹೊಸದೇ ಆಗಿರಲಿ. ಕಾರ್ಯಕಾರಿ ಸಮಿತಿಯ ಮುಂದಿನ ಸಭೆಯಲ್ಲಿ ಈ ವಿಷಯವನ್ನು ನಾವು ಎತ್ತಲಿದ್ದೇವೆ. ವಿರೋಧಿಸುವವರು ತಮ್ಮ ಲೆಕ್ಕವನ್ನು, ಗ್ರಾಂ ಮತ್ತು ರೂಪಾಯಿ ಎರಡರಲ್ಲೂ, ಬರೆದುಕೊಂಡೇ ಬರಲಿ.